ಮಾಡಬಲ್ಲೆವು, ಮಾಡಬಹುದೇ?
— ಶಿಕ್ಷಕರ ಬೇಸಿಗೆ ತರಬೇತಿ ಮತ್ತು ಜೀವನೀತಿಯ ವಿಚಾರ

ಬೇಸಿಗೆಯ ರಜೆಯೆಂದರೆ ಮಕ್ಕಳ ಪಾಲಿಗೆ ಮಾವು, ಜಾತ್ರೆ, ಅಜ್ಜಿಯ ಊರು. ಶಿಕ್ಷಕರ ಪಾಲಿಗೆ ಅದು ಬಹುಕಾಲದಿಂದಲೂ ತರಬೇತಿಯ ಕಾಲ. ವಿಜ್ಞಾನ ಶಿಕ್ಷಕರನ್ನು ರಜೆಯಲ್ಲಿ ಒಂದೆಡೆ ಸೇರಿಸಿ ಹೊಸ ವಿಷಯಗಳನ್ನು ಹೇಳಿಕೊಡುವ ಪದ್ಧತಿ ನಮ್ಮ ದೇಶದಲ್ಲಿ 1960ರ ದಶಕದಲ್ಲಿಯೇ ಆರಂಭವಾಯಿತು. ಕನ್ನಡ ನಾಡಿನಲ್ಲಿ ಇಂದು ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರೌಢಶಾಲೆ ಹಾಗೂ ಪದವಿಪೂರ್ವ ಶಿಕ್ಷಕರಿಗೆ ಪ್ರಯೋಗಸಹಿತ ತರಬೇತಿಯನ್ನು ನಡೆಸುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪ್ರತಿಯೊಬ್ಬ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆಗಳಷ್ಟು ಕಾಲ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಅಪೇಕ್ಷಿಸುತ್ತದೆ. ಈ ಗಂಟೆಗಳಲ್ಲಿ ಜೈವಿಕ ತಂತ್ರಜ್ಞಾನಕ್ಕೆ ಒಂದು ಪಾಲು ಸಲ್ಲಬೇಕೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅದರ ಜೊತೆಗೆ ಜೀವನೀತಿಗೂ ಪಾಲುಂಟೇ? ಹೇಗೆ ಮಾಡುವುದೆಂದು ಕಲಿಸುವ ಶಿಕ್ಷಕನು ಮಾಡಬಹುದೇ ಎಂಬುದನ್ನೂ ತರಗತಿಯಲ್ಲಿ ಎತ್ತಬೇಕೇ? ಎತ್ತಿದರೆ ತನ್ನ ತೀರ್ಪನ್ನು ಹೇಳಬೇಕೇ, ಹೇಳದೆ ಇರಬೇಕೇ? ಈ ಸಂಚಿಕೆಯ ಓದುಗರ ಮುಂದೆ ನಾವು ಇಡಬಯಸುವುದು ಈ ಪ್ರಶ್ನೆಯನ್ನು.

ಇದು ಬೆಂಗಳೂರು, ಪುಣೆಗಳ ಪ್ರಯೋಗಶಾಲೆಗಳಿಗೆ ಸೇರಿದ ಪ್ರಶ್ನೆ, ಗಡಹಿಂಗ್ಲಜದ ಶಾಲೆಗೇಕೆ ಎಂದು ಯಾರಾದರೂ ಕೇಳಬಹುದು. ಮಹಾರಾಷ್ಟ್ರದಲ್ಲಿ 2018ರಲ್ಲಿ ಬಂದ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದ ಎರಡನೆಯ ಭಾಗವನ್ನು ತೆರೆದು ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿ ಅನುವಂಶಿಕತೆಯ ಪಾಠವಿದೆ. ಕೋಶ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನದ ಪಾಠವೂ ಇದೆ. ಪುಣೆಯ ಬಾಲಭಾರತಿಯು ಮರಾಠಿ, ಉರ್ದು, ಇಂಗ್ಲಿಷುಗಳೊಡನೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುವುದನ್ನು ಗಡಿಭಾಗದ ನಾವೆಲ್ಲ ಬಲ್ಲೆವು. ಹದಿನೈದು ವರ್ಷದ ಹುಡುಗಿಯೊಬ್ಬಳು ಕಾಂಡಕೋಶವನ್ನೂ ಕುಲಾಂತರಿ ಬೆಳೆಯನ್ನೂ ಓದಿ ಪರೀಕ್ಷೆ ಬರೆಯುತ್ತಾಳೆ. ಓದಿದ ಮೇಲೆ ಪ್ರಶ್ನೆ ಹುಟ್ಟದಿರಲು ಅವಳೇನು ಕಲ್ಲೇ?

ಜೀವನೀತಿ ಎಂಬ ಶಾಸ್ತ್ರದ ಹೆಸರಿನ ಹಿಂದೆಯೂ ಒಬ್ಬ ಶಾಲಾ ಶಿಕ್ಷಕನಿದ್ದಾನೆಂಬುದು ನಮ್ಮ ವೃತ್ತಿಬಾಂಧವರಿಗೆ ಸಂತೋಷ ಕೊಡುವ ಸಂಗತಿ. ಜರ್ಮನಿಯ ಹಾಲೆ ನಗರದಲ್ಲಿ ಶಿಕ್ಷಕನೂ ಪಾದ್ರಿಯೂ ಆಗಿದ್ದ ಫ್ರಿಟ್ಸ್ ಯಾರ್ ಎಂಬವನು 1927ರಲ್ಲಿ ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಆ ಪದವನ್ನು ಬಳಸಿ, ಮನುಷ್ಯರಿಗಷ್ಟೇ ಅಲ್ಲದೆ ಪ್ರಾಣಿ-ಸಸ್ಯಗಳಿಗೂ ನಾವು ಸಲ್ಲಿಸಬೇಕಾದ ಕರ್ತವ್ಯವುಂಟೆಂದು ವಾದಿಸಿದನು. ಅವನ ಮಾತನ್ನು ಆಗ ಹೆಚ್ಚು ಜನ ಕೇಳಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದೇ ದೇಶದ ವೈದ್ಯರು ಬಂದಿಗಳ ಮೇಲೆ ನಡೆಸಿದ ಪ್ರಯೋಗಗಳು ಬಯಲಿಗೆ ಬಂದು, 1947ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯವು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಸಲ್ಲದೆಂದು ವಿಧಿಸಬೇಕಾಯಿತು. ತಾಂತ್ರಿಕ ಕೌಶಲವು ಕೈಗೆ ಬಂದು ನೀತಿಯ ಪ್ರಶ್ನೆ ಹಿಂದುಳಿದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2005ರಲ್ಲಿ ಯುನೆಸ್ಕೋ ಹೊರಡಿಸಿದ ಜೀವನೀತಿಯ ಘೋಷಣೆಯು ಎಲ್ಲ ಹಂತಗಳಲ್ಲಿಯೂ ಜೀವನೀತಿಯ ಶಿಕ್ಷಣ ನಡೆಯಬೇಕೆಂದು ರಾಷ್ಟ್ರಗಳನ್ನು ಕೋರಿದ್ದು ಈ ಹಿನ್ನೆಲೆಯಲ್ಲಿಯೇ.

ಆದರೆ ಸಾಕ್ಷಿಗಾಗಿ ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲ. ನಮ್ಮ ಕೊಲ್ಹಾಪುರ ಜಿಲ್ಲೆಯನ್ನೇ ನೋಡೋಣ. ಪಂಚಗಂಗೆಯ ನೀರು, ಕಬ್ಬಿನ ಸಿರಿ, ಸಹಕಾರಿ ಸಕ್ಕರೆ ಕಾರಖಾನೆಗಳು. 1917ರಷ್ಟು ಹಿಂದೆಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಆಜ್ಞೆ ಹೊರಡಿಸಿದ ಶಾಹೂ ಮಹಾರಾಜರ ನಾಡು. ಕುಂಭೋಜದಲ್ಲಿ ಹುಟ್ಟಿ ಬಡವರ ಮಕ್ಕಳಿಗಾಗಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರ ನಾಡು. ಇಂಥ ಜಿಲ್ಲೆಯಲ್ಲಿ 2001ರ ಜನಗಣತಿಯಂತೆ ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 839 ಮಾತ್ರ. ಬಡತನವಾಗಲಿ ನಿರಕ್ಷರತೆಯಾಗಲಿ ಇದಕ್ಕೆ ಕಾರಣವೆನ್ನುವಂತಿಲ್ಲ. ಹಣವಿತ್ತು, ಅಕ್ಷರವಿತ್ತು, ಊರೂರಿಗೆ ಸೋನೋಗ್ರಫಿ ಯಂತ್ರವೂ ಬಂದಿತ್ತು. ಬಸಿರಿನ ತೊಡಕನ್ನು ಮೊದಲೇ ಕಂಡು ಎಷ್ಟೋ ತಾಯಂದಿರನ್ನು ಉಳಿಸಿದ ಆ ಯಂತ್ರವೇ ಹುಟ್ಟಬೇಕಾದ ಹೆಣ್ಣುಕೂಸುಗಳನ್ನು ಹುಡುಕಿಕೊಡುವ ಸಾಧನವೂ ಆಯಿತು. ಕಾನೂನು ಇರಲಿಲ್ಲವೇ ಎಂದರೆ, ಇತ್ತು. ದೇಶದಲ್ಲಿಯೇ ಮೊದಲು, 1988ರಲ್ಲಿ, ಇಂಥ ಪರೀಕ್ಷೆಗಳನ್ನು ನಿಯಂತ್ರಿಸುವ ಕಾಯಿದೆಯನ್ನು ತಂದದ್ದು ಮಹಾರಾಷ್ಟ್ರ. 1994ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಬಂದಿತು. ಆದರೂ ಮುಚ್ಚಿದ ಬಾಗಿಲಿನ ಹಿಂದೆ ವೈದ್ಯರು ಆಡುವ ಒಂದು ಮಾತನ್ನು ಕಾಯಿದೆಯು ತಡೆಯಲಾರದೆ ಹೋಯಿತು. ಆಗ ಜಿಲ್ಲಾಧಿಕಾರಿಗಳಾಗಿದ್ದ, ಮರಾಠಿಯ ಕಥೆಗಾರರೂ ಆದ ಲಕ್ಷ್ಮೀಕಾಂತ ದೇಶಮುಖರು ಸೋನೋಗ್ರಫಿ ಯಂತ್ರಗಳಿಗೆ ಪ್ರತಿಯೊಂದು ಪರೀಕ್ಷೆಯನ್ನೂ ದಾಖಲಿಸಿಡುವ 'ಮೌನ ಸಾಕ್ಷಿ' ಉಪಕರಣಗಳನ್ನು ಅಳವಡಿಸುವ ಯೋಜನೆಯನ್ನು ಜಾರಿಗೆ ತಂದರು. 2011ರ ಗಣತಿಯಲ್ಲಿ ಸಂಖ್ಯೆ ತುಸು ಏರಿತಾದರೂ 900ನ್ನು ಮುಟ್ಟಲಿಲ್ಲ.

ಒಂದು ತಂತ್ರದ ದುರುಪಯೋಗವನ್ನು ತಡೆಯಲು ಇನ್ನೊಂದು ಯಂತ್ರವನ್ನು ಕಾವಲಿಗಿಡಬೇಕಾಯಿತಲ್ಲ, ಅದು ನಮ್ಮನ್ನು ಯೋಚನೆಗೆ ಹಚ್ಚಬೇಕು. ಯಂತ್ರದಲ್ಲಿ ಒಳಿತು ಕೆಡುಕುಗಳಿಲ್ಲ, ಅವು ಬಳಸುವವನ ಕೈಯಲ್ಲಿವೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಅರ್ಧ ಸತ್ಯ. ಯಂತ್ರವು ಊರಿಗೆ ಬರುವ ಮುನ್ನ ಸೊಸೆಯ ಮುಂದೆ ಈ ಆಯ್ಕೆಯೇ ಇರಲಿಲ್ಲ. ಹುಟ್ಟಿದ ಕೂಸನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಯಂತ್ರ ಬಂದ ಮೇಲೆ, ಪರೀಕ್ಷೆ ಬೇಡವೆನ್ನುವುದಕ್ಕೂ ಅವಳು ಅತ್ತೆ ಮಾವಂದಿರ ಎದುರು ಧೈರ್ಯ ತೋರಬೇಕಾಯಿತು. ಹೊಸ ಶಕ್ತಿಯು ಹೊಸ ಆಯ್ಕೆಯನ್ನು ತರುತ್ತದೆ. ಆಯ್ಕೆಗೆ ಸಿದ್ಧವಿಲ್ಲದವರ ಮೇಲೆ ಅದು ಹೊರೆಯಾಗಿ ಬೀಳುತ್ತದೆ. ಆ ಸಿದ್ಧತೆ ಹದಿನೈದನೆಯ ವಯಸ್ಸಿನಲ್ಲಿ, ಶಾಲೆಯಲ್ಲಿ ನಡೆಯದಿದ್ದರೆ ಮತ್ತೆಲ್ಲಿ ನಡೆದೀತು?

ಇನ್ನು ಎರಡನೆಯ ಉದಾಹರಣೆಗೆ ಬರೋಣ. ಕುಡಚಿ ಮತ್ತು ರಬಕವಿ ಎಂಬ ಊರುಗಳು ಇಚಲಕರಂಜಿಯವರಿಗೆ ದೂರದವಲ್ಲ. ಬೀಗತನ, ನೇಕಾರಿಕೆ, ಸಂತೆಗಳ ನಂಟುಳ್ಳವು. ಈ ಎರಡು ಊರುಗಳ ಹೆಸರನ್ನು ಹೊತ್ತ ಬದನೆಯ ತಳಿಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟವನ್ನು ಎದುರಿಸುವ ಬ್ಯಾಕ್ಟೀರಿಯಾದ ಜೀನನ್ನು ಸೇರಿಸಲು ಆಯ್ದುಕೊಂಡ ಕರ್ನಾಟಕದ ಸ್ಥಳೀಯ ತಳಿಗಳಲ್ಲಿ ಇವೂ ಉಡುಪಿಯ ಬದನೆಯೂ ಸೇರಿದ್ದವು. ಕಾಯಿಕೊರಕ ಹುಳುವಿಗಾಗಿ ರೈತನು ಮತ್ತೆ ಮತ್ತೆ ಔಷಧ ಹೊಡೆಯುವುದು ತಪ್ಪೀತು, ತಿನ್ನುವವನ ಹೊಟ್ಟೆಗೆ ವಿಷ ಸೇರುವುದು ಕಡಿಮೆಯಾದೀತು, ಸಂಕರ ಬೀಜದಂತಲ್ಲದೆ ಇಂಥ ತಳಿಯ ಬೀಜವನ್ನು ರೈತನೇ ಕಟ್ಟಿಟ್ಟುಕೊಳ್ಳಬಹುದು ಎಂಬುದು ಪರವಾದವರ ವಾದ. ಆಹಾರದ ಬೆಳೆಯಲ್ಲಿ ಇಂಥ ಪರೀಕ್ಷೆ ಸಾಕಷ್ಟು ಕಾಲ ನಡೆದಿಲ್ಲ, ಬದನೆಯ ತವರಾದ ನಮ್ಮ ನೆಲದ ನೂರಾರು ತಳಿಗಳಿಗೆ ಪರಾಗದ ಮೂಲಕ ಅದು ಬೆರೆತೀತು, ತಲೆಮಾರುಗಳಿಂದ ತಳಿಯನ್ನು ಕಾಪಾಡಿದ ಊರಿನವರನ್ನು ಯಾರೂ ಕೇಳಲಿಲ್ಲ ಎಂಬುದು ವಿರುದ್ಧವಾದವರ ವಾದ. ಜೀವವೈವಿಧ್ಯ ಕಾಯಿದೆಯಂತೆ ಪಡೆಯಬೇಕಾದ ಅನುಮತಿಯಿಲ್ಲದೆ ಸ್ಥಳೀಯ ತಳಿಗಳನ್ನು ಬಳಸಲಾಗಿದೆಯೆಂಬ ದೂರು 2010ರಲ್ಲಿ ಸಲ್ಲಿಕೆಯಾಗಿ ವಿಷಯವು ನ್ಯಾಯಾಲಯಕ್ಕೂ ಹೋಯಿತು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿಯು ಕುಲಾಂತರಿ ಬದನೆಗೆ ಒಪ್ಪಿಗೆ ಕೊಟ್ಟಿತು. ಪರಿಸರ ಸಚಿವ ಜೈರಾಮ್ ರಮೇಶರು ನಾಗಪುರ, ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ನೆರೆಯ ಬಾಂಗ್ಲಾದೇಶವು 2013ರಲ್ಲಿ ಅದೇ ಬಗೆಯ ಬದನೆಗೆ ಅನುಮತಿ ನೀಡಿತು. ಅಂತೂ ನಮ್ಮ ರೊಟ್ಟಿಯ ಮಗ್ಗುಲಿನ ಎಣ್ಣೆಗಾಯಿಯವರೆಗೆ ಜೀವನೀತಿಯ ಪ್ರಶ್ನೆ ಬಂದು ಕುಳಿತಿತ್ತು. ಊಟಕ್ಕೆ ಕುಳಿತವರಲ್ಲಿ ಎಷ್ಟು ಜನರಿಗೆ ಅದು ಗೊತ್ತಿತ್ತು?

ಊಟದಲ್ಲಿ ಬಾರದೆ ಹೋದದ್ದು ಉಡುಗೆಯಲ್ಲಿ ಬಂದೇ ಬಿಟ್ಟಿದೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಕಂಡ ಇಚಲಕರಂಜಿಯಲ್ಲಿ ಇಂದು ನೇಯುವ ಹತ್ತಿಯ ನೂಲಿನ ಬಹುಪಾಲು ಕುಲಾಂತರಿ ಹತ್ತಿಯದೇ. ಏಕೆಂದರೆ 2002ರಲ್ಲಿ ಅನುಮತಿ ಪಡೆದ ಆ ಹತ್ತಿಯು ದೇಶದ ಹತ್ತಿಯ ಹೊಲಗಳ ಬಹುಭಾಗವನ್ನು ವ್ಯಾಪಿಸಿದೆ. ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ಇಳಿಯಿತು, ಇಳುವರಿ ಏರಿತು. ಆಮೇಲೆ ಗುಲಾಬಿ ಕಾಯಿಕೊರಕವು ಆ ವಿಷಕ್ಕೆ ಜಗ್ಗದಂತಾಗಿ 2017ರಲ್ಲಿ ಮಹಾರಾಷ್ಟ್ರದ ಹತ್ತಿ ಬೆಳೆಗಾರರು ದೊಡ್ಡ ನಷ್ಟ ಉಂಡರು. ಆದರೂ 2019ರಲ್ಲಿ ಅಕೋಲಾ ಜಿಲ್ಲೆಯ ರೈತರು ಅನುಮತಿಯಿಲ್ಲದ ಹೊಸ ಕುಲಾಂತರಿ ಬೀಜವನ್ನು ಬಹಿರಂಗವಾಗಿ ಬಿತ್ತಿ, ತಮಗೆ ಬೇಕಾದ ತಂತ್ರವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ತಮಗಿದೆಯೆಂದು ಸತ್ಯಾಗ್ರಹ ಹೂಡಿದರು. ರೈತನ ಹಿತ ಯಾವ ಕಡೆಗಿದೆಯೆಂದು ಒಂದೇ ಮಾತಿನಲ್ಲಿ ಹೇಳುವ ಜಾಣರು ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನೆಯಬೇಕು.

ಮೇಲಿನ ಎರಡೂ ಉದಾಹರಣೆಗಳು ಜೀವನೀತಿಗೆ ಸೇರಿದವೇ. ಆದರೆ ತರಗತಿಯಲ್ಲಿ ಎರಡನ್ನೂ ಒಂದೇ ರೀತಿಯಲ್ಲಿ ಕಲಿಸಲಾಗದು. ನಮ್ಮ ವಿಚಾರದ ತಿರುಳು ಇಲ್ಲಿದೆ. ಶಿಕ್ಷಕನು ಎಲ್ಲದರಲ್ಲಿಯೂ ತಟಸ್ಥನಾಗಿರಬೇಕೆಂದು ಕೆಲವರು ಹೇಳುತ್ತಾರೆ. ಎಲ್ಲದರಲ್ಲಿಯೂ ಮಾರ್ಗ ತೋರಬೇಕೆಂದು ಮತ್ತೆ ಕೆಲವರು. ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಗಳಲ್ಲಿಯೇ ಎರಡು ಜಾತಿಗಳಿವೆ. ಎಲ್ಲ ಸಂಗತಿಗಳನ್ನು ತಿಳಿದ, ಸ್ವಾರ್ಥವಿಲ್ಲದ ಇಬ್ಬರು ಸಜ್ಜನರು ಯೋಚಿಸಿದ ಮೇಲೆಯೂ ಭಿನ್ನ ತೀರ್ಮಾನಕ್ಕೆ ಬರಬಹುದಾದುದು ತೆರೆದ ಪ್ರಶ್ನೆ. ಕುಲಾಂತರಿ ಬದನೆಯದು ಅಂಥದು. ಅಲ್ಲಿ ಶಿಕ್ಷಕನು ಎರಡೂ ಪಕ್ಷಗಳನ್ನು, ಆಯಾ ಪಕ್ಷದವರೇ ತಲೆದೂಗುವಷ್ಟು ನ್ಯಾಯವಾಗಿ, ಮಕ್ಕಳ ಮುಂದಿಡಬೇಕು. ತನ್ನ ಒಲವನ್ನು ಹಿಂದಿಟ್ಟುಕೊಳ್ಳಬೇಕು. ಹೆಣ್ಣು ಭ್ರೂಣದ ಪತ್ತೆಯದು ಹಾಗಲ್ಲ. ಅದನ್ನೂ ಪರ-ವಿರೋಧ ಚರ್ಚಾಸ್ಪರ್ಧೆಗೆ ಇಟ್ಟು, ಸಮಬಲದ ಎರಡು ತಂಡ ಮಾಡುವ ಶಿಕ್ಷಕನು ತಟಸ್ಥನಲ್ಲ, ಅನ್ಯಾಯಕ್ಕೆ ಪೀಠ ಹಾಕಿಕೊಟ್ಟವನು. ತರಗತಿಯಲ್ಲಿ ಕುಳಿತ ಅರ್ಧದಷ್ಟು ಮಕ್ಕಳಿಗೆ, ನೀವು ಹುಟ್ಟಬೇಕಿತ್ತೇ ಎಂಬುದು ಚರ್ಚೆಯ ವಿಷಯ ಎಂದು ಹೇಳಿದಂತಾಗುತ್ತದೆ.

ಯಾವುದು ತೆರೆದ ಪ್ರಶ್ನೆ, ಯಾವುದು ಮುಚ್ಚಿದ ಪ್ರಶ್ನೆಯೆಂದು ನಿರ್ಧರಿಸುವವರಾರು ಎಂಬ ಆಕ್ಷೇಪ ಇಲ್ಲಿ ಸಹಜ. ಬಹುಮತ ನಿರ್ಧರಿಸಲಾರದು. ನಮ್ಮ ಊರುಗಳಲ್ಲಿ ಗಂಡೇ ಬೇಕೆಂಬುದು ಬಹುಮತವೇ ಆಗಿತ್ತು. ಆ ಕಾರಣಕ್ಕಾಗಿ ಅದು ನ್ಯಾಯವಾಗಲಿಲ್ಲ. ಕಾಯಿದೆಯೊಂದೇ ನಿರ್ಧರಿಸಲಾರದು, ಕಾಯಿದೆಗಳು ಬದಲಾಗುತ್ತವೆ. ಕೊಡಲಾಗುವ ಕಾರಣಗಳನ್ನೇ ತೂಗಿ ನೋಡಬೇಕು. ಹೆಣ್ಣುಕೂಸು ಬೇಡವೆನ್ನುವವರು ಕೊಡುವ ಕಾರಣಗಳು — ವರದಕ್ಷಿಣೆ, ಆಸ್ತಿ, ಹೆಸರು ಹೇಳುವವರಿಲ್ಲವೆಂಬ ಕೊರಗು — ಎಲ್ಲವೂ ತಮ್ಮ ಅನುಕೂಲದ ಕಾರಣಗಳು. ಹಾನಿಗೆ ಗುರಿಯಾಗುವ ಜೀವದ ಮುಂದೆ ನಿಂತು ಹೇಳಬಹುದಾದ ಒಂದು ಕಾರಣವೂ ಅವುಗಳಲ್ಲಿಲ್ಲ. ಬದನೆಯ ವಿವಾದದಲ್ಲಿಯಾದರೋ ಎರಡೂ ಕಡೆಯವರು ರೈತನ, ಉಣ್ಣುವವನ, ನೆಲದ ಹಿತವನ್ನೇ ಮುಂದಿಟ್ಟು ವಾದಿಸಬಲ್ಲರು. ಈ ವ್ಯತ್ಯಾಸವನ್ನು ಗುರುತಿಸುವ ಕಣ್ಣನ್ನು ಶಿಕ್ಷಕನಿಗೆ ಕೊಡುವುದೇ ಜೀವನೀತಿಯ ತರಬೇತಿಯ ಮುಖ್ಯ ಕೆಲಸವಾಗಬೇಕು.

ಇವೆರಡರ ನಡುವೆ ಮೂರನೆಯದೊಂದುಂಟು. ಅದು ವಿದ್ಯಾರ್ಥಿಯ ಸ್ವಂತ ಆತ್ಮಸಾಕ್ಷಿಯದು. ನಮ್ಮ ಭಾಗದಲ್ಲಿ ಕನ್ನಡ ಮಾತನಾಡುವ ಜೈನ ಮನೆತನಗಳು ಬಹಳ. ನಾವು ಸೇವೆಯಲ್ಲಿದ್ದ ಕಾಲದಲ್ಲಿ ಕಪ್ಪೆಯ ಛೇದನದ ಪಾಠ ಬಂದಾಗ ಅಂಥ ಮನೆಯ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ನಾನು ಕತ್ತರಿಸೂದಿಲ್ರಿ, ಆದರ ಹೃದಯ ಹ್ಯಾಂಗ ಬಡೀತೈತಿ ಅಂತ ತಿಳಕೋಬೇಕ್ರಿ" ಎಂದಳು. ಆ ಒಂದು ಮಾತಿನಲ್ಲಿ ಎರಡು ಬೇಡಿಕೆಗಳಿದ್ದವು: ನನ್ನ ಕೈಯಿಂದ ಕೊಲ್ಲಿಸಬೇಡಿ, ಆದರೆ ನನಗೆ ತಿಳಿವಳಿಕೆಯನ್ನು ನಿರಾಕರಿಸಬೇಡಿ. ಅವಳಿಗೆ ಮಣ್ಣಿನ ಮಾದರಿ ಮತ್ತು ಚಿತ್ರಪಟದ ಮೂಲಕ ಪಾಠವಾಯಿತು. ಅನೇಕ ವರ್ಷಗಳ ಬಳಿಕ, 2011ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗವೇ ಪದವಿ ತರಗತಿಗಳಲ್ಲಿ ಪ್ರಾಣಿಛೇದನವನ್ನು ಹಂತಹಂತವಾಗಿ ಕೈಬಿಡುವಂತೆ ಮಾರ್ಗಸೂಚಿ ಹೊರಡಿಸಿತು. ಇಂಥ ಪ್ರಶ್ನೆಗಳಲ್ಲಿ ಶಿಕ್ಷಕನು ಬಲವಂತ ಮಾಡಬಾರದು. ಹಾಗೆಯೇ ಆತ್ಮಸಾಕ್ಷಿಯ ನೆಪದಲ್ಲಿ ಅಜ್ಞಾನಕ್ಕೂ ಅವಕಾಶ ಕೊಡಬಾರದು.

ಇನ್ನು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ, ಪಾಠ ಮುಗಿಸಲಿಕ್ಕೇ ಸಮಯವಿಲ್ಲ ಎನ್ನುತ್ತಾರೆ. ಚುನಾವಣೆ, ಜನಗಣತಿ, ಬಿಸಿಯೂಟದ ಲೆಕ್ಕಗಳ ನಡುವೆ ಬೇಯುವ ಶಿಕ್ಷಕರ ಕಷ್ಟ ನಮಗೆ ಗೊತ್ತು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವವರಲ್ಲ ನಾವು. ಆದರೆ ಜೀವನೀತಿಗೆ ಬೇರೆ ಅವಧಿ ಬೇಕಿಲ್ಲ. ಜೀನಿನ ಪಾಠವನ್ನು ಮುಗಿಸುವಾಗ, ಇದನ್ನು ಯಾರಿಗಾಗಿ, ಯಾರ ಒಪ್ಪಿಗೆಯಿಂದ, ತಪ್ಪಿದರೆ ಯಾರ ಹೊಣೆಯಲ್ಲಿ ಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಹತ್ತು ನಿಮಿಷ ಸಾಕು. ನೀತಿಯನ್ನು ಮನೆ, ಮಠ, ಬಸದಿಗಳು ನೋಡಿಕೊಳ್ಳಲಿ ಎಂಬುದು ಇನ್ನೊಂದು ಆಕ್ಷೇಪ. ದಯೆ, ಅಹಿಂಸೆ, ಕಾಯಕಗಳ ಬೋಧೆಯನ್ನು ಅವು ಶತಮಾನಗಳಿಂದ ಕೊಟ್ಟಿವೆ. ನಮ್ಮ ಮಕ್ಕಳಲ್ಲಿ ಉಳಿದಿರುವ ಒಳ್ಳೆಯತನಕ್ಕೆ ಅವೇ ಬೇರು. ಆದರೆ ಬ್ಯಾಕ್ಟೀರಿಯಾದ ಜೀನು ಬದನೆಗೆ ಬಂದರೆ ದಯೆಗೆ ಕುಂದೋ ಅಲ್ಲವೋ ಎಂದು ಹೇಳಲು ದಯೆಯೊಡನೆ ಸಂಗತಿಯ ಜ್ಞಾನವೂ ಬೇಕು. 1982ರಿಂದ ಮಧುಮೇಹಿಗಳಿಗೆ ದೊರೆಯುತ್ತಿರುವ ಮಾನವ ಇನ್ಸುಲಿನ್ ಕೂಡ ಜೀನು ಬದಲಿಸಿದ ಬ್ಯಾಕ್ಟೀರಿಯಾದ ಕೊಡುಗೆಯೆಂದು ಅರಿಯದವನು ಈ ವಿದ್ಯೆಯನ್ನು ಸಾರಾಸಗಟಾಗಿ ಶಪಿಸುತ್ತಾನೆ.

ಅರೆತಿಳಿವಿನ ಶಿಕ್ಷಕನು ಭಯವನ್ನು ಹಂಚುವ ಅಪಾಯವೂ ಇದೆ. ಆದುದರಿಂದಲೇ ತರಬೇತಿಯು ಕೈಯಿಂದ ಆರಂಭವಾಗಬೇಕು. ಬಾಳೆಹಣ್ಣನ್ನು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸಾಬೂನಿನ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಅದರ ಮೇಲೆ ತಣ್ಣನೆಯ ಮದ್ಯಸಾರವನ್ನು ನಿಧಾನವಾಗಿ ಸುರಿದರೆ ಬಿಳಿಯ ಎಳೆಗಳು ತೇಲಿಬರುತ್ತವೆ. ಡಿಎನ್ಎ ಎಂಬುದು ಅದೇ. ಸಂಕೇಶ್ವರಿ ಮೆಣಸಿನಕಾಯಿಯ ಬೀಜವನ್ನು ಮುಂದಿನ ಬಿತ್ತನೆಗೆ ಆರಿಸಿಡುವ ರೈತನ ಮಗನಿಗೆ ತಳಿಯೆಂದರೇನೆಂದು ಮೊದಲೇ ಗೊತ್ತು. ಆ ಎಳೆಯನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ಜೀನಿನ ಭಯವೂ ಇರದು, ಭ್ರಮೆಯೂ ಇರದು. ಇದಾದ ಮೇಲೆ ಕಾಯಿದೆಯ ಪರಿಚಯ. ಕೊನೆಯಲ್ಲಿ ನೀತಿಯ ಚರ್ಚೆ. ಈ ಕ್ರಮ ತಲೆಕೆಳಗಾದರೆ ತರಬೇತಿಯು ಉಪನ್ಯಾಸಮಾಲೆಯಾಗಿ ಮುಗಿದು, ಶಿಕ್ಷಕರು ಪ್ರಮಾಣಪತ್ರ ಹಿಡಿದು ಬಸ್ಸು ಹತ್ತುತ್ತಾರೆ. ಒಮ್ಮೆ ಪಡೆದ ತರಬೇತಿ ಎಂದೆಂದಿಗೂ ಸಾಕಾಗುವುದೂ ಇಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಸರಕಾರವು ಪ್ರಕಟಿಸಿದ ಎರಡು ಹೊಸ ಭತ್ತದ ತಳಿಗಳಲ್ಲಿ ಹೊರಗಿನ ಜೀನು ಇಲ್ಲ. ಭತ್ತದ ಸ್ವಂತ ಜೀನನ್ನೇ ತಿದ್ದಲಾಗಿದೆ. ಬದನೆಯ ಕಾಲದ ವಾದಗಳನ್ನು ಅವುಗಳ ಮೇಲೆ ಹಾಗೆಯೇ ಹೊರಿಸಲಾಗದು, ಹೊಸದಾಗಿ ಯೋಚಿಸಬೇಕು.

ಕೊನೆಯದಾಗಿ ಕನ್ನಡ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಮಾತು. ನಮ್ಮ ಮಕ್ಕಳಲ್ಲಿ ಹಲವರು ವಿಜ್ಞಾನವನ್ನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾರೆ. ಮನೆಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ಪರೀಕ್ಷೆಯನ್ನು ಯಾವ ಭಾಷೆಯಲ್ಲಿಯಾದರೂ ಬರೆಯಬಹುದು. ಆದರೆ ಬಸಿರಿನ ಪರೀಕ್ಷೆ ಮಾಡಿಸಬೇಕೇ, ಮುದುಕನ ಉಸಿರನ್ನು ಯಂತ್ರದ ಮೇಲೆ ಎಷ್ಟು ದಿನ ಹಿಡಿದಿಡಬೇಕು, ಹೊಲಕ್ಕೆ ಯಾವ ಬೀಜ ತರಬೇಕು ಎಂಬ ತೀರ್ಮಾನಗಳು ಪಡಸಾಲೆಯಲ್ಲಿ, ಮನೆಮಾತಿನಲ್ಲಿ ಆಗುತ್ತವೆ. ಆ ಮಾತಿನಲ್ಲಿ ಜೀನು, ಒಪ್ಪಿಗೆ, ಅಪಾಯ, ಹಕ್ಕು ಎಂಬ ಪದಗಳು ಬಳಕೆಯಲ್ಲಿ ಇಲ್ಲದಿದ್ದರೆ ಓದಿದ ಮೊಮ್ಮಗಳು ಮೂಕಳಾಗಿ ಕುಳಿತುಕೊಳ್ಳಬೇಕಾಗುತ್ತದೆ. ತೀರ್ಮಾನವು ಹಳೆಯ ರೂಢಿಯವರ ಪಾಲಾಗುತ್ತದೆ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು, ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು'ವನ್ನು ಬರೆದದ್ದು ಕನ್ನಡಕ್ಕೆ ಇಂಥ ಬಾಯಿ ಬರಲೆಂದೇ ಎಂದು ನಾವು ತಿಳಿಯುತ್ತೇವೆ. ಅವರು ಹಾಕಿದ ದಾರಿಯಲ್ಲಿ ನಡೆಯುವ ಕೆಲಸ ಗಡಿಭಾಗದಲ್ಲಿ ಹೆಚ್ಚು ಬಾಕಿ ಉಳಿದಿದೆ.

ಆದುದರಿಂದ ಸಂಘದ ಹಿರಿಯರ ಮುಂದೆ ನಮ್ಮ ಸೂಚನೆಯೊಂದಿದೆ. ಸಾಹಿತ್ಯ ಸಮ್ಮೇಳನದಲ್ಲಿ ಕವಿಗೋಷ್ಠಿಯೂ ಸನ್ಮಾನವೂ ನಡೆಯಲಿ. ಜೊತೆಗೆ ಬರುವ ಬೇಸಿಗೆಯಲ್ಲಿ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಶಿಕ್ಷಕರಿಗಾಗಿ ಮೂರು ದಿನಗಳ ಒಂದು ಕೂಟವನ್ನು ಕನ್ನಡದಲ್ಲಿ ಏರ್ಪಡಿಸೋಣ. ಮೊದಲ ದಿನ ಕೈಕೆಲಸ, ಎರಡನೆಯ ದಿನ ಒಬ್ಬ ವೈದ್ಯರು, ಒಬ್ಬ ವಕೀಲರು, ಒಬ್ಬ ರೈತರೊಡನೆ ಮಾತುಕತೆ, ಮೂರನೆಯ ದಿನ ಶಿಕ್ಷಕರೇ ಸಿದ್ಧಪಡಿಸಿದ ಪಾಠಗಳು. ಮರಾಠಿ ಶಾಲೆಗಳ ಶಿಕ್ಷಕಮಿತ್ರರನ್ನೂ ಕರೆಯೋಣ, ಏಕೆಂದರೆ ಈ ಪ್ರಶ್ನೆಗಳಿಗೆ ಗಡಿಯಿಲ್ಲ. ಖರ್ಚು ಹೆಚ್ಚಿನದಲ್ಲ, ಒಂದು ಶಾಲೆಯ ಸಭಾಂಗಣ, ಎರಡು ಹೊತ್ತಿನ ಊಟ, ಒಂದಿಷ್ಟು ಬಾಳೆಹಣ್ಣು ಸಾಕು. ಸದಸ್ಯರೆಲ್ಲ ಈ ಮಾತನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ಯೋಚಿಸಿ, ಬರುವ ಸಭೆಯಲ್ಲಿ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇವೆ.